ಬೆಂಚಿನ ಮೇಲಿನ ಚೀಲ

ಬಸ್ ನಿಲ್ದಾಣದ ತುಂಬಿದ ಬೆಂಚಿನ ಕೆಳಗೆ ಹುಡುಗಿಯೊಬ್ಬಳು ಚೀಲವಿಟ್ಟು ಹೊರಟುಹೋದಳು. ನಾವೆಲ್ಲ ಎದ್ದು ದೂರ ನಿಂತೆವು. ಆಮೇಲೆ ಅವಳು ಅಜ್ಜಿಯನ್ನು ಕರೆತಂದು, ಚೀಲವನ್ನು ಬೆಂಚಿನ ಮೇಲೆ ಪಕ್ಕಕ್ಕೆತ್ತಿಟ್ಟು, ಆರಾಮಾಗಿ ಕೂರಿಸಿದಳು.

“ಇಷ್ಟು ಜಾಗ ಹೇಗೆ ಸಿಕ್ತೇ?”

“ಚೀಲ ಇಟ್ಟು ಬಂದೆ. ಬಾಂಬು ಅಂತ ಎಲ್ರೂ ಎದ್ಬಿಟ್ರು.”

“ಅಯ್ಯೋ ತರಲೆ! ಇಲ್ಲಿ ಬಾಂಬ್ ಸಿಡಿದಾಗ ನೀನಿನ್ನೂ ತೊಟ್ಟಿಲಲ್ಲಿದ್ದೆ. ಅದಕ್ಕೂ ಮುಂಚೆ ಚೀಲ ಮರೆತ್ರೆ ಯಾರಾದ್ರೂ ಹಿಂದೆ ಓಡ್ಬಂದು ಕೊಡೋರು.”

“ಈಗ್ಲೂ ಓಡ್ತಾರಲ್ಲ ಅಜ್ಜಿ, ಆದ್ರೆ ಚೀಲ ಬಿಟ್ಟು ಆ ಕಡೆಗೆ.”

“ನಿಜ ಹೇಳ್ತಿದೀನಿ ಕಣೇ.”

“ಯಾರದೋ ಚೀಲ ಯಾರು ಮುಟ್ತಾರೆ? ಕಾಗೆ ಹಾರಿಸ್ಬೇಡ.”

ಬಸ್ ಬಂತು. ಇಬ್ಬರೂ ಎದ್ದು ನಡೆದರು.

“ಅಜ್ಜೀ, ಚೀಲ ಅಲ್ಲೇ ಬಿಟ್ಯಲ್ಲ!”

“ಶ್! ತಿರುಗಿ ನೋಡ್ಬೇಡ, ನಡಿ. ಯಾರಾದ್ರೂ ಓಡ್ಬರ್ತಾರಾ ನೋಡೇಬಿಡೋಣ.”