ಮೂರನೇ ಕೂಗು

ಸ್ವಲ್ಪ ನಿಂದರ್ರಿ, ಇದನ್ನ ಪೂರಾ ಕೇಳಿ ಹೋಗ್ರಿ. ನಡುವ ಎದ್ದು ಹೋದ್ರ ಅರ್ಧ ಕತಿ ನಿಮ್ಮ ಬೆನ್ನ ಹತ್ತಿ ಮನಿಗೆ ಬರ್ತದ, ಆಮ್ಯಾಲ ನನಗ ಬೈಬ್ಯಾಡ್ರಿ. ಯಾದಗಿರಿ, ಶಹಾಪುರ, ಸುರಪುರ, ಈ ಮೂರೂರಾಗಿನ ಯಾವುದೋ ಒಂದು ಕೋರ್ಟಿನ ಮುಂದ ನಡೆದದ್ದಿದು. ಯಾವೂರಂತ ಕೇಳಬ್ಯಾಡ್ರಿ, ಹೇಳಂಗಿಲ್ಲ. ಹೇಳಿದ್ನಂದ್ರ ನಾಳಿನೇ ಹೋಗಿ ಆ ಬೆಂಚ್ ನೋಡ್ತೀರಿ.

ಹೋದ ಶ್ರಾವಣದಾಗ ಒಂದು ಶುಕ್ರವಾರ, ಮಧ್ಯಾಹ್ನ ಮೂರರ ಸುಮಾರು. ಮಳಿ ಅಂದ್ರ ಮಳಿ. ನಮ್ಮ ಕಡಿ ವರ್ಷಕ್ಕ ನಾಕು ಸಲ ಬಂದ್ರೂ ಬಂದಾಗ ತಗಡು ಹರಿಯೂವಂಗ ಬರ್ತದಲ್ಲ, ಅಂಥಾದ್ದು. ಕೋರ್ಟಿನ ಕಾಂಪೌಂಡಿಗೆ ಹತ್ತಿದ ಭೀಮೂನ ಟೈಪಿಂಗ್ ಅಂಗಡಿಯಾಗ ಆರೇಳು ಮಂದಿ ಒಬ್ಬರಿಗೊಬ್ಬರು ಮೈ ತಾಗಿಸಿ ನಿಂತಿದ್ರು. ಕರೆಂಟ್ ಹೋಗಿತ್ತು. ಅಲ್ಲಿಂದ ನೋಡಿದ್ರ ಕೋರ್ಟಿನ ಪಡಸಾಲಿ ಎದುರಿಗೇ ಕಾಣ್ತದ, ಅದರಾಗ ನಕಲು ಕೊಡೋ ಕಿಟಕಿ, ಕಿಟಕಿ ಪಕ್ಕ ಒಂದು ಉದ್ದನ ಬೆಂಚು.

ಸುನಿತಾಗ ಮಾತ್ರ ನಿಂತಲ್ಲಿ ನಿಂದರಾಕ ಆಗವಲ್ದು. ಹತ್ತು ಎಣಿಸೂದ್ರೊಳಗ ಒಂದು ಸಲ ಕಿಟಕಿ ನೋಡ್ತಿದ್ಳು. ಆಕಿ ಭೀಮರಾಯನಗುಡಿ ಕಾಲೇಜಿನ ಲ್ಯಾಬಿನಾಗ ಕೆಲಸ ಮಾಡಾಕಿ, ಅರ್ಧ ದಿನ ರಜಾ ಹಾಕಿ ಬಂದಿದ್ಳು. ಎಂಟು ದಿನದಿಂದ ಒಂದು ಕಾಗದದ ಬೆನ್ನ ಹತ್ಯಾಳ. ಎಂಬತ್ತೊಂದನೇ ಇಸ್ವಿಯಾಗ ಆಕಿ ಅಜ್ಜಿ ಹಾಕಿದ್ದ ಕೇಸಿನ ಕಡೀ ಆರ್ಡರಿನ ನಕಲು, ಕೋರ್ಟಿನ ಸಿಕ್ಕಾ ಬಿದ್ದದ್ದು. ಒಂದೂರಿಗೆ ಹೋದ್ರ ಹಳೇ ಫೈಲೆಲ್ಲ ಇನ್ನೊಂದೂರಿಗೆ ಹೋಗ್ಯಾವ ಅಂದ್ರು, ಅಲ್ಲಿಗೆ ಹೋದ್ರ ಕೇಸ್ ನಂಬರ್ ತಗೊಂಡ್ ಬಾರವ್ವ ಅಂದ್ರು. ನಂಬರ್ ಎಲ್ಲಿಂದ ತರಬೇಕು? ಅಜ್ಜಿ ಸತ್ತು ನಲವತ್ತು ವರ್ಷ ಆಗ್ಯದ.

ಕಾಗದ ಯಾಕ ಬೇಕಂದ್ರ, ಮನಿ ಸಲುವಾಗಿ. ಆಕಿ ಮತ್ತ ಆಕಿ ಅವ್ವ ಬಸವೇಶ್ವರಿ ಇರೋ ಎರಡು ಖೋಲಿ ಮನಿ. ಅಜ್ಜಿಯ ಭಾವನ ಮೊಮ್ಮಗ ಬಸವಂತರಾಯ, ಮನಿ ನಂದು, ಬಿಡ್ರಿ ಅಂತ ಕೋರ್ಟಿಗೆ ಹೋಗ್ಯಾನ. ಅಂವ ಹೇಳೂದು ಒಂದೇ ಮಾತು: ನಿಮ್ಮ ಮುದುಕಿ ಆವಾಗೇ ಕೇಸ್ ಹಾಕಿದ್ಳು, ಕೋರ್ಟ್ ಎಲ್ಲಾ ವಿಚಾರ್ಸಿ, ಮನಿ ನಿಂದಲ್ಲ ಅಂತ ಫೈಸಲಾ ಕೊಟ್ಟದ. ವಿಚಾರಣಿನೇ ಆಗಿಲ್ಲ ಅಂತ ತೋರಸಬೇಕಂದ್ರ ಆ ಆರ್ಡರ್ ಬೇಕು. ಸೋಮವಾರ ಕಡೀ ತಾರೀಖು.

ಕಡಿಗೆ ದಾರಿ ತೋರಿಸಿದಾಂವ ಮನ್ಸೂರಅಲಿ ಚಾಚಾ. ಕೋರ್ಟಿನಾಗ ಚಪರಾಸಿ ಆಗಿ ರಿಟೈರ್ ಆದಾಂವ, ಈಗ ಭೀಮೂನ ಅಂಗಡಿಯಾಗ ಕುಂತು ಮಂದಿ ಅರ್ಜಿ ಬರದು ಕೊಡ್ತಾನ. ನಂಬರ್ ಇಲ್ಲಂದ್ರ ಹೆಸರು, ಊರು, ಇಸ್ವಿ ಹೇಳು ಬೇಟಿ, ಮೊದಲ ರಜಿಸ್ಟರ್ ಹುಡುಕಾಕ ಒಂದು ಅರ್ಜಿ, ಸಿಕ್ಕ ಮ್ಯಾಲ ನಕಲಿಗೆ ಒಂದು ಅರ್ಜಿ ಅಂತ ಸರಳ ಮಾಡಿ ತಿಳಿಸಿದ್ದ. ಆದ್ರ ಆಕಿ ಅಜ್ಜಿ ಹೆಸರು "ಹಣಮಮ್ಮ" ಅಂದ ಕೂಡ್ಲೇ ಚಾಚಾನ ಪೆನ್ನು ನಿಂತಿತ್ತು. ಆಮ್ಯಾಲ ಬರದಿದ್ದ. ಇವತ್ತ ಮಧ್ಯಾಹ್ನ ನಕಲು ಸಿಗ್ತದ, ಕಿಟಕಿಯಿಂದ ಕೂಗ್ತಾರ. ಅರ್ಜಿ ಯಾರೇ ಹಾಕಿರಲಿ, ಅಲ್ಲಿ ರೂಢಿ ಏನಂದ್ರ ಫೈಲಿನ ಮ್ಯಾಲಿನ ಹೆಸರನ್ನೇ ಕೂಗೂದು.

ಭೀಮು ಚಾ ಹಂಚಿ, ಸುಮ್ಮ ನಿಂತ್ರ ಜಡ್ಡ ಹಿಡೀತದ, ಚಾಚಾ ಒಂದು ಕತಿ ಬಿಡು, ಆ ಬೆಂಚಿನ ಮುದುಕೀದು ಹೇಳು, ವಾರಕ್ಕೊಮ್ಮೆ ಮುಂದ ಹಾಕ್ತಿ ಅಂದ. ಚಾಚಾ ಸುನಿತಾನ ಕಡಿ ನೋಡಿದ. ಇವತ್ತ ಹೇಳಲೇಬೇಕಾಗ್ಯದ ಅಂತ ಶುರು ಮಾಡಿದ.

"ಒಂದು ಮಾತು ಕೇಳ್ತೀನಿ... ಹೊರಗಿಂದ ಯಾರರ ನಿಮ್ಮ ಹೆಸರು ಹಿಡದು ಕರದ್ರ, ಮೊದಲನೇ ಕೂಗಿಗೇ ಓ ಅಂತೀರೇನು? ಅನ್ನಂಗಿಲ್ಲ. ಯಾಕ? ಮನಷ್ಯಾ ಆದ್ರ ಮೂರು ಸಲ ಕರೀತಾನ, ದೆವ್ವ ಎರಡೇ ಸಲ. ಮೂರನೇದು ಅದಕ್ಕ ಬರಂಗಿಲ್ಲ. ನಿಮ್ಮ ಅಜ್ಜಿಗೋಳೂ ಇದನ್ನೇ ಹೇಳ್ಯಾರ, ನಮ್ಮ ದಾದಿನೂ ಇದನ್ನೇ ಹೇಳ್ಯಾಳ. ಇನ್ನ ಕೋರ್ಟಿನ ಚಪರಾಸಿ... ಅಂವನೂ ಮೂರೇ ಸಲ ಕೂಗಬೇಕು. ಬಾಗಲದಾಗ ನಿಂತು, ಹಣಮಮ್ಮ ಹಾಜರ್... ಹಣಮಮ್ಮ ಹಾಜರ್... ಹಣಮಮ್ಮ ಹಾಜರ್. ಕಮ್ಮಿ ಮಾಡಂಗಿಲ್ಲ."

ಹೆಸರು ಕೇಳಿ ಸುನಿತಾನ ಕೈಯಾಗಿನ ಚಾ ಅಲ್ಲೇ ಉಳೀತು.

"ಅವತ್ತೂ ಹಿಂಥಾದ್ದೇ ಮಳಿ. ಊಟದ ಹೊತ್ತು ಮೀರಿತ್ತು, ಪಟ್ಟಿಯಾಗ ಒಂದೇ ಕೇಸ್ ಉಳದಿತ್ತು. ಕುರಿ ಕಾಯೋ ಮನಿತನದ ಒಬ್ಬ ಹೆಣಮಗಳು, ತಲಿ ಮ್ಯಾಲ ಕಂಬಳಿ ಕೊಪ್ಪಿ ಹಾಕ್ಕೊಂಡು, ಊರಿಂದ ನಡಕೊಂತ ಬಂದು ಆ ಬೆಂಚಿನ ತುದಿಗೆ ಕುಂತಿದ್ಳು. ಚಪರಾಸಿ ಇನ್ನಾ ಹರೇದಾಂವ, ಹೊಟ್ಟಿ ಹಸದದ, ಡಬ್ಬಿಯಾಗ ಖಾನಾ ಆರಾಕತ್ತದ... ಬಾಗಲಕ್ಕ ಬಂದ, ಎರಡು ಕೂಗಿದ, ಮೂರನೇದು ನುಂಗಿದ. ಒಳಗ ಹೋಗಿ, ಯಾರೂ ಇಲ್ರಿ ಸಾಹೇಬ್ರ ಅಂದ. ಎಷ್ಟು ಹೊತ್ತಿನ ಕೆಲಸ ಅದು? ಒಂದು ಉಸಿರು. ಸಾಹೇಬ್ರು ಬರದ್ರು... ವಾದಿಯನ್ನು ಕೂಗಿಸಲಾಯಿತು, ಗೈರುಹಾಜರು, ದಾವೆ ವಜಾ. ಆಕಿ ಎರಡೂ ಕೂಗು ಕೇಳ್ಯಾಳ್ರಿ. ಕೇಳಿ ಕುಂತಾಳ, ಮೂರನೇದಕ್ಕ ಏಳೂಣಂತ. ಹಾಜರ್ ಇದ್ದಾಕಿನ್ನ ಗೈರುಹಾಜರ್ ಮಾಡಿಬಿಟ್ರು."

ಮಳಿ ಇನ್ನಾ ಜೋರಾತು.

"ಚಪರಾಸಿ ಡಬ್ಬಿ ಹಿಡಕೊಂಡು ಹೊರಗ ಬಂದ್ರ ಆಕಿ ಕೇಳಿದ್ಳು... ಯಪ್ಪಾ, ನನ್ನ ಮೂರನೇ ಕೂಗು ಇನ್ನಾ ಬಂದಿಲ್ಲಲ್ಲ? ಅಂವಗ ನಿಜ ಹೇಳಾಕ ಬಾಯಿ ಬರಲಿಲ್ಲ. ಬರ್ತದವ್ವ, ಕುಂದರು ಅಂದ. ಸಂಜಿತನಕ ಹಸಿ ಸೀರ್ಯಾಗ ಕುಂತ್ಳು. ಮನಿಗೆ ಹೋದ ಮ್ಯಾಲ ಜ್ವರ ಹಿಡೀತು, ಒಂಬತ್ತನೇ ದಿನಕ್ಕ ಹೋದ್ಳು... ಹೋದ್ಳು ಅಂತ ಊರ ಮಂದಿ ಅಂದ್ರು. ಹತ್ತನೇ ದಿನ ಚಪರಾಸಿ ಕೋರ್ಟಿಗೆ ಬಂದು ನೋಡ್ತಾನ, ಬೆಂಚಿನ ತುದಿ ಹಸಿ ಅದ. ಆ ವಾರ ಒಂದು ಹನಿ ಮಳಿ ಬಂದಿದ್ದಿಲ್ಲ."

ಭೀಮು ನಗಾಕ ನೋಡಿದ. "ಈಗ ಆ ಚಪರಾಸಿ ಎಲ್ಲದಾನ ಚಾಚಾ?"

"ನಿನ್ನ ಸ್ಟೂಲಿನ ಮ್ಯಾಲ ಕುಂತು ನಿನ್ನ ಚಾ ಕುಡ್ಯಾಕತ್ತಾನ."

ಚಾಚಾ ಲೋಟ ಕೆಳಗಿಟ್ಟ.

"ಆ ಫೈಲಿನ ಜೊತಿವೆಲ್ಲ ಹಳೇವಂತ ಸುಟ್ಟು ಹಾಕ್ಯಾರ. ಇದನ್ನೂ ಮೂರು ಸಲ ಒಯ್ದಿದ್ರು, ಹಸಿ ಕಾಗದಕ್ಕ ಬೆಂಕಿ ಹತ್ತಬೇಕಲ್ಲ? ನಾ ರಿಟೈರ್ ಆಗೋ ದಿನ ರೆಕಾರ್ಡ್ ರೂಮಿನಾಗ ಒಬ್ಬನೇ ಹೋಗಿ ಅದನ್ನ ತಗದೆ. ನನ್ನ ಪಾಪ ನಾನೇ ತೊಳಕೋಬೇಕಂತ ನಿಂತು ಕೂಗಿದೆ. ಒಂದು... ಎರಡು... ಹಿಂದ ಯಾರೋ ಎದ್ದಂಗಾತು, ಕಂಬಳಿ ವಾಸನಿ ಬಂತು. ಮೂರನೇದು ಬಾಯಾಗ ಬಂದದ, ಹಾಳಿ ನೋಡ್ತೀನಿ... ಗೈರು ಅನ್ನೋ ಎರಡಕ್ಷರ ಇದ್ದಕ್ಕಿದ್ದಂಗ ಹಸಿಯಾಗಿ ಕರಗಾಕತ್ತಾವ. ಬರೇ ಹಾಜರು ಉಳ್ಯಾಕತ್ತದ. ಅಂಜಿ ಬಾಯಿ ಮುಚ್ಚಿದೆ. ಎರಡನೇ ಸಲ ಮೂರನೇ ಕೂಗು ನುಂಗಿದೆ."

ಆಮ್ಯಾಲ ಸುನಿತಾನ ಕಡಿ ತಿರಗಿ ಸಣ್ಣ ದನಿಲೆ ಅಂದ. "ತಿಳೀತೇನು ಬೇಟಿ? ಮೂರನೇ ಕೂಗು ಬಿತ್ತಂದ್ರ ನಿಮ್ಮ ಅಜ್ಜಿ ಹಾಜರ್ ಆಗ್ತಾಳ. ಆಕಿಗೆ ಬಿಡುಗಡಿ. ಆದ್ರ ಕಾಗದದಾಗ ಗೈರು ಉಳ್ಯಂಗಿಲ್ಲ."

ಸುನಿತಾಗ ತಿಳೀತು. ಗೈರು ಹೋತಂದ್ರ, ವಾದಿ ಹಾಜರು, ದಾವೆ ವಜಾ. ಅಂದ್ರ ಕೇಸ್ ನಡದು ಅಜ್ಜಿ ಸೋತಂಗ. ಬಸವಂತರಾಯ ಹೇಳಿದ್ದೇ ಖರೆ ಆಗ್ತದ. ಅಜ್ಜಿನ್ನ ಸುಳ್ಳ ಸುಳ್ಳ ಗೈರು ಮಾಡಿದ ಆ ಎರಡಕ್ಷರದ ಮ್ಯಾಲೇ ಈಗ ಮನಿ ನಿಂತದ. ಹಿಂಥಾ ಲೆಕ್ಕ ಯಾರಿಗರ ಬೇಕೇನ್ರಿ? ಮುದುಕನ ಮಾತು ನಂಬಬಾರದು ಅಂತಲೂ ಅನ್ನಿಸ್ತು ಆಕಿಗೆ. ಆದ್ರೂ ಕಣ್ಣು ಆ ಬೆಂಚಿನ ಕಡಿಗೇ ಹೋತು.

ಆವಾಗ ಕಿಟಕಿ ತಗೀತು.

"ಹಣಮಮ್ಮ..." ಗುಮಾಸ್ತ ಕೂಗಿದ, ಮಳಿಯಾಗ ಅರ್ಧ ಕೇಳಿಸ್ತು. ಸುನಿತಾ ಓಡಿದ್ಳು. ನೀರಾಗ ಚಪ್ಪಲಿ ಒಂದು ಉಳೀತು, ಪಡಸಾಲಿ ಮೆಟ್ಟಲ ಹತ್ತಿದ್ಳು. ಬೆಂಚಿನ ತುದಿಗೆ ಕಂಬಳಿ ಕೊಪ್ಪಿ ಹಾಕ್ಕೊಂಡು ಯಾರೋ ಕುಂತಿದ್ರು. ಮಾರಿ ಕಾಣವಲ್ದು. ಕೊಪ್ಪಿ ಅಂಚಿನಿಂದ ನೀರು ತೊಟ್ಟ ತೊಟ್ಟ ಸೋರಾಕತ್ತಿತ್ತು.

"ಹಣಮಮ್ಮ..."

ಎರಡನೇದು. ಕುಂತಾಕಿ ಮೊಣಕಾಲ ಮ್ಯಾಲ ಕೈ ಊರಿದ್ಳು, ನಮ್ಮ ಅಜ್ಜಿಗೋಳು ಏಳೂವಾಗ ಊರ್ತಾರಲ್ಲ, ಹಂಗ. ನಲವತ್ತು ವರ್ಷದಿಂದ ಕಾದಾಕಿ. ಗುಮಾಸ್ತ ಕಾಗದ ಹಿಡದು ಮಳಿ ಕಡಿ ನೋಡಿ, ಮೂರನೇದಕ್ಕ ಉಸಿರು ಎಳಕೊಂಡ.

ಸುನಿತಾನ ತಲ್ಯಾಗ ಏನೇನು ಓಡಿತೋ ದೇವರಿಗೇ ಗೊತ್ತು. ಅವ್ವ ಒಲಿ ಮುಂದ ಕುಂತದ್ದು, ಸೋಮವಾರ, ಎರಡನೇ ಕೂಗಿಗೆ ಓ ಅನ್ನಬ್ಯಾಡ ಅಂತ ಸಣ್ಣಾಕಿದ್ದಾಗಿಂದ ಅವ್ವ ಹೇಳಿದ್ದು, ಎಲ್ಲಾ ಒಂದಕ್ಕೊಂದು ತೆಕ್ಕಿಬಿದ್ದು ಬಂತು.

"ಹಾಜರ್ ಅದೀನ್ರಿ," ಅಂದುಬಿಟ್ಳು.

ಗುಮಾಸ್ತನ ಉಸಿರು ಹಂಗೇ ಹೊರಗ ಬಿತ್ತು. ಮೂರನೇ ಕೂಗು ಬರಲಿಲ್ಲ. ರಜಿಸ್ಟರಿನಾಗ ಸಹಿ ಮಾಡು, ಹೆಸರು ಬಿಡಿಸಿ ಬರಿ, ಗಟ್ಟಿಯಾಗಿ ಹೇಳು ಅಂದ. ಆಕಿ ಸುನಿತಾ ಅಂತ ಹೇಳಿದ್ಳು, ಬರದ್ಳು. ಬೆಂಚಿನ ಮ್ಯಾಲಿನಾಕಿ ಅರ್ಧ ಎದ್ದಾಕಿ ಮತ್ತ ಕುಂತ್ಳು. ಸಿಟ್ಟಿಲ್ಲ, ಸದ್ದಿಲ್ಲ. ಕುಂತು, ಮೊಮ್ಮಗಳು ದಾಟಿ ಹೋಗಲಿ ಅಂತ ಕಾಲು ಒಳಗ ಎಳಕೊಂಡ್ಳು. ಅದನ್ನ ಮಾತ್ರ ಸುನಿತಾಗ ಇವತ್ತಿಗೂ ಮರೀಲಿಕ್ಕೆ ಆಗಿಲ್ಲ.

ಕಾಗದದಾಗ ಗೈರುಹಾಜರು ಅಂತಲೇ ಇತ್ತು. ಮೊದಲ ಎರಡಕ್ಷರ ಸ್ವಲ್ಪ ಹರಡಿದ್ವು, ಓದಾಕ ಬರ್ತಿತ್ತು. ಸೋಮವಾರ ಕೋರ್ಟ್ ಅದನ್ನ ತಗೊಂತು, ಹಳೇ ಫೈಸಲಾ ಅನ್ನೋ ಬಸವಂತರಾಯನ ಮಾತು ಬಿದ್ದು ಹೋತು. ಮನಿ ಉಳದದ.

ಆದ್ರ ಅವತ್ತು ಒದ್ದಿ ಆಗಿ ಅಂಗಡಿಗೆ ತಿರಗಿ ಬಂದಾಗ ಚಾಚಾ ಅಂದದ್ದು ಕೇಳ್ರಿ. "ಎರಡನೇ ಕೂಗಿಗೆ ಓಗೊಟ್ಟಿ ಬೇಟಿ... ನಿನ್ನ ಹೆಸರೂ ಆಕಿ ಕಿವಿಗೆ ಬಿತ್ತು. ಇನ್ನ ಕರೀತಾಳ. ಕೆಟ್ಟದ್ದಕ್ಕಲ್ಲ, ಒಬ್ಬಾಕಿಗೇ ಕುಂತು ಬ್ಯಾಸರ ಆಗಿರ್ತದ. ಆದ್ರ ಎರಡೇ ಸಲ ಕರೀತಾಳ. ಮೂರನೇದು ಹೆಂಗಿರ್ತದಂತ ಆಕಿ ಎಂದೂ ಕೇಳೇ ಇಲ್ಲಲ್ಲ..."

ಈಗ ಮಳಿ ಬಂದ ದಿನ, ಮಟ ಮಟ ಮಧ್ಯಾಹ್ನ, ಹಿತ್ತಲ ಬಾಗಲದಿಂದ "ಸುನಿತಾ..." ಅಂತ ಒಂದು ಸಲ ಬರ್ತದ. ಸ್ವಲ್ಪ ತಡದು ಇನ್ನೊಂದು ಸಲ. ಆಮ್ಯಾಲ ಬರೇ ಮಳಿ. ಸುನಿತಾ ಇಲ್ಲೀತನಕ ಓ ಅಂದಿಲ್ಲ. ಬಾಗಲ ತಗದು ನೋಡಿದ್ರ ಹೊಸ್ತಿಲದ ಒಳಗಿನ ಕಲ್ಲು ಹಸಿ ಇರ್ತದ, ಅಷ್ಟೇ.

ಮನಿ ಉಳಸಿದ್ಳು ಅಂತ ಊರೆಲ್ಲ ಹೊಗಳ್ತದ. ನನಗ ಮಾತ್ರ ಆ ಒಳಗ ಎಳಕೊಂಡ ಕಾಲೇ ಕಣ್ಣ ಮುಂದ ಬರ್ತದ. ನೀವರ ಹೇಳ್ರಿ, ಆ ಕಿಟಕಿ ಮುಂದ ನೀವಿದ್ರ ಎರಡನೇ ಕೂಗಿಗೆ ಓ ಅಂತಿದ್ರೋ, ಮೂರನೇದು ಬರಲಿ ಅಂತ ಸುಮ್ಮ ನಿಂದರ್ತಿದ್ರೋ?