ಒಂದೇ ಸಲ ಕರೆದವನು

ಲೈಟು ಇರಲಿ, ಆರಿಸಬೇಡಿ. ಇದು ಅವರಿವರು ಹೇಳಿದ ಕತೆಯಲ್ಲ. ನನ್ನ ಚಿಕ್ಕಪ್ಪನ ಮಗಳು ಮೇಘನಳಿಗೆ ಆಗಿದ್ದು. ಅದರಲ್ಲಿ ಒಂದು ಪಾಲು ನನಗೂ ಆಗಿದ್ದು ಅಂತಲೇ ಇಟ್ಟುಕೊಳ್ಳಿ. ನರಸಿಂಹರಾಜಪುರದಲ್ಲಿ ಇಪ್ಪತ್ತೆರಡು ವರ್ಷದಿಂದ ಫೋಟೊ ಸ್ಟುಡಿಯೊ ಇಟ್ಟವನು ನಾನು, ಕಣ್ಣಿಗೆ ಬೀಳದ್ದನ್ನು ನಂಬುತ್ತಾ ಕೂತರೆ ನನ್ನ ಕಸುಬು ನಡೆಯೋದಿಲ್ಲ. ಆದರೂ ಕೇಳಿ...

ಹೋದ ವರ್ಷ ಡಿಸೆಂಬರ್. ಮೇಘನ ನನ್ನ ಸ್ಟುಡಿಯೊದಿಂದ ಒಂದು ಹಳೇ ಆಲ್ಬಮ್ ತಗೊಂಡು ಕೊನೇ ಬಸ್ಸು ಹತ್ತಿದಳು. ಕ್ರಾಸಿನಲ್ಲಿ ಇಳಿದಾಗ ಒಂಬತ್ತು ದಾಟಿತ್ತು. ಅಲ್ಲಿಂದ ಮನೆಗೆ ಕಾಲು ಗಂಟೆ ನಡಿಗೆ, ನಡುವೆ ಕಲ್ಲುಕಟ್ಟೆಯ ಬಾವಿ. ಈಗ ಅದರಲ್ಲಿ ಯಾರೂ ನೀರು ಸೇದೋದಿಲ್ಲ. ಮಂಜು ಬಿದ್ದಿತ್ತು. ಚಪ್ಪಲಿ ಪಟ್... ಪಟ್... ಅನ್ನುತ್ತಿತ್ತು, ಚೀಲದೊಳಗೆ ಆಲ್ಬಮ್ಮಿನ ಹಾಳೆಗಳ ನಡುವಿನ ಬಟರ್ ಪೇಪರ್ ಸರ್ ಸರ್ ಅನ್ನುತ್ತಿತ್ತು. ಬಾವಿಯ ಹತ್ತಿರ ಬಂದದ್ದೇ ಜೀರುಂಡೆಗಳು ಕೂಗು ನಿಲ್ಲಿಸಿದವು. ಒಂದೂ ಬಿಡದೆ, ಎಲ್ಲಾ ಒಟ್ಟಿಗೆ.

ಆಮೇಲೆ...

"ಅಕ್ಕಾ..."

ಗಂಡು ದನಿ. ಎಳೇ ವಯಸ್ಸು. ಒಣಗಿದ ಗಂಟಲು. 'ಕಾ' ಅನ್ನೋದನ್ನು ಪೂರ್ತಿ ಎಳೆಯುವಷ್ಟು ಉಸಿರೂ ಇಲ್ಲದ ಹಾಗೆ ಅದು ಅಲ್ಲೇ ಸೋರಿಹೋಯಿತಂತೆ.

ನಮ್ಮ ಕಡೆ ಒಂದು ಮಾತಿದೆ. ರಾತ್ರಿ ಹೊತ್ತು ಯಾರೇ ಕರೆದರೂ ಮೂರು ಸಲ ಕರೆಯೋ ತನಕ 'ಓ' ಅನ್ನಬಾರದು. ಮನುಷ್ಯನಾದರೆ ಮತ್ತೆ ಕರೆಯುತ್ತಾನೆ. ದೆವ್ವ ಒಂದೇ ಸಲ ಕರೆಯುತ್ತೆ. ಮೇಘನ ಬಾಯಿ ಮುಚ್ಚಿಕೊಂಡು ನಿಂತಳು. ಎಣಿಸಿದಳು. ಎರಡನೇ ಕರೆ ಬರಲಿಲ್ಲ... ಹಿಂದೆ ತಿರುಗಿ ನೋಡದೆ ಮನೆಗೆ ಓಡಿದಳು.

ಆ ಆಲ್ಬಮ್ ನೀಲಾಂಬಿಕೆ ಅತ್ತೆಯದು. ನನ್ನ ಅಪ್ಪನಿಗೆ, ಚಿಕ್ಕಪ್ಪನಿಗೆ ಅಕ್ಕ ಅವರು. ಎಪ್ಪತ್ತೊಂದರ ಯುದ್ಧದಲ್ಲಿ ಮಿಲಿಟರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಮದುವೆ ಆಗಲಿಲ್ಲ, ರಿಟೈರ್ ಆದಮೇಲೆ ಚಿಕ್ಕಪ್ಪನ ಮನೆಯಲ್ಲೇ ಉಳಿದರು. ಮೇಘನಳನ್ನು ಎತ್ತಿ ಆಡಿಸಿದ್ದೂ ಅವರೇ, ಅಕ್ಷರ ತಿದ್ದಿಸಿದ್ದೂ ಅವರೇ. ನಮ್ಮ ಅಜ್ಜಿಗೂ, ಅಂದರೆ ಅತ್ತೆಯ ಅವ್ವನಿಗೂ, ಅವರಿಗೂ ಒಂದೇ ಒಂದು ವಿಷಯಕ್ಕೆ ಜಗಳ. ರಾತ್ರಿ ಯಾರು ಕರೆಯಲಿ, ಗೂಬೆ ಕೂಗಲಿ, ಅತ್ತೆ ಮೊದಲನೇ ಕರೆಗೇ "ಬಂದೇ" ಅಂತ ಎದ್ದುಬಿಡುತ್ತಿದ್ದರು. "ನಿನ್ನ ಓದು ಹೊಳೆಗೆ ಹಾಕು, ಮೂರು ಎಣಿಸೋಕೆ ಬರಲ್ವೇನೇ?" ಅಂತ ಅಜ್ಜಿ ಬೈಯೋರು. ಅಷ್ಟರಲ್ಲಿ ಅತ್ತೆ ಬಾಗಿಲು ತೆಗೆದಾಗಿರುತ್ತಿತ್ತು.

ಆಲ್ಬಮ್ಮಿಗೆ ಬೂಷ್ಟು ಹಿಡಿಯುತ್ತಿದೆ ಅಂತ ಮೇಘನ ಸ್ಕ್ಯಾನ್ ಮಾಡಿಸಲು ತಂದಿದ್ದಳು. ಅಷ್ಟು ವರ್ಷದಲ್ಲಿ ಅದು ಅತ್ತೆಯ ಟ್ರಂಕು ಬಿಟ್ಟು ಆಚೆ ಬಂದದ್ದು ಅದೇ ಮೊದಲು. ಜೊತೆಗೊಂದು ಬಿಸ್ಕತ್ತಿನ ಡಬ್ಬಿ. ಅದರಲ್ಲಿ ಯೂನಿಫಾರ್ಮಿನ ಗುಂಡಿಗಳು, ಹಲ್ಲು ಮುರಿದ ಒಂದು ಬಾಚಣಿಗೆ, ಯಾರೋ ಬರೆದುಕೊಟ್ಟ ಪಂಜಾಬಿ ಚೀಟಿ. ಆಲ್ಬಮ್ಮಿನ ಕಪ್ಪು ಹಾಳೆಗಳ ಮೇಲೆ ಹುಡುಗರೇ ಹುಡುಗರು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ನಗುವವನು ಒಬ್ಬ, ಒಂದೇ ಕೈಯಲ್ಲಿ ಇಸ್ಪೀಟು ಹಿಡಿದವನು ಇನ್ನೊಬ್ಬ. ಒಗೆದ ಬ್ಯಾಂಡೇಜನ್ನು ಹಗ್ಗದ ಮೇಲೆ ಹರವುತ್ತಿರುವ ಅತ್ತೆ, ಇಪ್ಪತ್ತೈದು ವರ್ಷದವರು. ಎಂಥಾ ನಗು ಮಾರಾಯ್ರೆ ಅದು! ಆ ನಗುವನ್ನು ನಾನು ಅವರ ಮುಖದಲ್ಲಿ ಕಂಡೇ ಇರಲಿಲ್ಲ.

ಕೊನೇ ಹಾಳೆಯಲ್ಲಿ ಫೋಟೊ ಇರಲಿಲ್ಲ. ಫೋಟೊದ ಮೂಲೆ ಹಿಡಿದುಕೊಳ್ಳುವ ನಾಲ್ಕು ಕಾರ್ನರ್ ಮಾತ್ರ, ನೀಟಾಗಿ ಅಂಟಿಸಿದ್ದು. ಕೆಳಗೆ ಬಿಳಿ ಪೆನ್ಸಿಲ್ಲಿನಲ್ಲಿ ಕನ್ನಡದಲ್ಲಿ 'ಹಾಸಿಗೆ ೧೭'. ಫೋನ್ ಮಾಡಿ ಕೇಳಿದೆ, "ಅತ್ತೆ, ಒಂದು ಫೋಟೊ ಬಿದ್ದುಹೋಗಿದೆಯಲ್ಲ?"

"ಬಿದ್ದಿಲ್ಲ ಕಾಂತೇಶ. ತೆಗೆದೇ ಇಲ್ಲ" ಅಂದರು.

ಮೇಘನ ಬಾವಿಯಿಂದ ಓಡಿಬಂದ ಆ ರಾತ್ರಿ ಮನೆಯಲ್ಲಿ ಅವಳು, ಅತ್ತೆ, ಇಬ್ಬರೇ. ಚಿಕ್ಕಪ್ಪ ಚಿಕ್ಕಮ್ಮ ತರೀಕೆರೆಗೆ ಮದುವೆಗೆ ಹೋಗಿದ್ದರು. ಅತ್ತೆ ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು. ಎಬ್ಬಿಸಿ ಕೂರಿಸಬೇಕು, ಮಾತ್ರೆ ನುಂಗಿಸಬೇಕು. ಮೇಘನ ಬಾಗಿಲು ಹಾಕಿ ಉಸಿರು ಬಿಡುತ್ತಾ ನಿಂತದ್ದನ್ನು ಅವರು ನೋಡಿದರು.

"ಎಂತ ಆಯ್ತೇ?"

"ಬಾವಿ ಹತ್ರ... ಯಾರೋ ಕರೆದ್ರು ಅತ್ತೆ."

"ಎಂತ ಅಂತ?"

"ಅಕ್ಕಾ ಅಂತ."

"ಒಂದೇ ಸಲನಾ?"

"ಒಂದೇ ಸಲ."

"ನೀನು ಓ ಅಂದ್ಯಾ?"

"ಇಲ್ಲ..."

ಅತ್ತೆ ಗೋಡೆ ಕಡೆ ಮುಖ ಮಾಡಿಕೊಂಡು ಅತ್ತರಂತೆ. ಹುಟ್ಟಿದಾಗಿನಿಂದ ಜೊತೆಗಿದ್ದವಳು ಮೇಘನ, ಅವರು ಅತ್ತಿದ್ದನ್ನು ಆವತ್ತೇ ನೋಡಿದ್ದು. ಆಮೇಲೆ ಪಿಸುದನಿಯಲ್ಲಿ ಹೇಳಿದರು.

ಗಡಿಯ ಹತ್ತಿರ ಒಂದು ಶಾಲೆಯನ್ನೇ ಆಸ್ಪತ್ರೆ ಮಾಡಿದ್ದರಂತೆ. ವಿಮಾನದಾಳಿಯ ಭಯಕ್ಕೆ ಬ್ಲ್ಯಾಕೌಟ್, ಲಾಟೀನಿಗೆ ನೀಲಿ ಕಾಗದ ಸುತ್ತಿದ್ದರು. ನೈಟ್ ಡ್ಯೂಟಿ ಅತ್ತೆ ಒಬ್ಬರದೇ. ಸಂಜೆ ಬಂದ ಗಾಯಾಳುಗಳಲ್ಲಿ ಹದಿನೇಳನೇ ಹಾಸಿಗೆಯವನ ಕಣ್ಣಿಗೂ ಹಣೆಗೂ ಬ್ಯಾಂಡೇಜು. ಕಾಗದಪತ್ರ ಬಂದಿರಲಿಲ್ಲ, ಹೆಸರು ಗೊತ್ತಿಲ್ಲ. ಅವನ ಪಕ್ಕದಲ್ಲಿ ಹಾಯುವಾಗ ಅತ್ತೆಯ ಕೈಯಿಂದ ಟ್ರೇ ಜಾರಿತು. ಬಾಯಿಂದ "ಅಯ್ಯೋ ಶಿವನೇ" ಅಂತ ಬಂತು. ಅಷ್ಟೇ. ಹೋಗಿ ಮೇಜಿನ ಹತ್ತಿರ ಕೂತರು.

"ಎಲ್ಲರೂ ಸಿಸ್ಟರ್ ಸಿಸ್ಟರ್ ಅಂತಿದ್ರು ಮಗಾ. ನರಳೋದೂ ಅವರವರ ಭಾಷೇಲಿ. ಆರು ತಿಂಗಳಾಗಿತ್ತು ಕನ್ನಡ ಕಿವಿಗೆ ಬಿದ್ದು. ನಡುರಾತ್ರಿ ಒಮ್ಮೆಗೇ... ಅಕ್ಕಾ ಅಂತ. ಮೈಯೆಲ್ಲ ಮುಳ್ಳೆದ್ದುಬಿಡ್ತು. ಈ ಊರಲ್ಲಿ ನನ್ನ ಅಕ್ಕ ಅನ್ನೋರು ಯಾರಿದಾರೆ? ಅವ್ವ ಹೇಳಿದ್ದು ನೆನಪಾಯ್ತು. ಮೇಜು ಗಟ್ಟಿಯಾಗಿ ಹಿಡ್ಕೊಂಡು ಎಣಿಸ್ದೆ. ಒಂದು... ಮುಂದಿಂದು ಬರಲೇ ಇಲ್ಲ. ದೆವ್ವನೇ ಸೈ ಅಂದ್ಕೊಂಡೆ. ಓದಿದ ನರ್ಸು ನಾನು!"

"ಅತ್ತೆ, ಸಾಕು..."

"ಬೆಳಗ್ಗೆ ಹೋಗಿ ನೋಡಿದ್ರೆ ತಣ್ಣಗಾಗಿದ್ದ. ಕೈ ನನ್ನ ಮೇಜಿನ ಕಡೆ ಚಾಚಿತ್ತು. ಮೇಜಿನ ಮೇಲೆ ನೀರಿನ ಹೂಜಿ ಇತ್ತು. ಕಣ್ಣು ಕಾಣಲ್ಲ ಅವನಿಗೆ. ಶಿವನೇ ಅಂದಿದ್ದು ಕೇಳಿ, ನಮ್ಮೋಳು ಯಾರೋ ಇದಾಳೆ ಅಂತ ಕರೆದಿದಾನೆ. ಎರಡನೇ ಸಲ ಕರೆಯೋಕೆ ಶಕ್ತಿ ಇರಲಿಲ್ಲ ಕಣೇ. ಯಾವ ಊರೋ, ಯಾರ ಮಗನೋ... ಅವತ್ತೇ ಸಾಗಿಸಿಬಿಟ್ರು. ಹೆಸರು ನಂಗೆ ಸಿಗಲೇ ಇಲ್ಲ. ಒಂದು 'ಓ' ಅಂದಿದ್ರೆ ನಂಗೇನು ಹೋಗ್ತಿತ್ತು?"

ಹನ್ನೊಂದು ಗಂಟೆಗೆ ಮೇಘನ ನನಗೆ ಫೋನ್ ಮಾಡಿದಳು. "ಕಾಂತೇಶಣ್ಣ, ಅತ್ತೆ ಬಾವಿ ಹತ್ರ ಎತ್ಕೊಂಡು ಹೋಗು ಅಂತಿದಾರೆ. ಓ ಅನ್ಬೇಕಂತೆ. ಎಂತ ಮಾಡ್ಲಿ?"

"ಹುಚ್ಚಾ ನಿಂಗೆ? ಚಿಲಕ ಹಾಕ್ಕೊಂಡು ಮಲ್ಗು ಮಾರಾಯ್ತಿ. ಯಾರು ಕರೆದ್ರೂ ಮೂರು ಸಲ ಆಗೋ ತನಕ ಇಬ್ರೂ ಬಾಯಿ ಬಿಡ್ಬೇಡಿ" ಅಂದೆ. ದೆವ್ವ ಇಲ್ಲ ಅನ್ನುವವನು ದೆವ್ವದ ಕಾನೂನು ಹೇಳಿದೆ ನೋಡಿ! ಆವತ್ತು ನನಗೂ ನಿದ್ದೆ ಬರಲಿಲ್ಲ.

ಮೇಘನ ಚಿಲಕ ಹಾಕಿದಳು. ಅತ್ತೆಗೆ ಮಾತ್ರೆ ಕೊಟ್ಟು, ಅವರ ಸ್ಟೀಲ್ ಲೋಟದಲ್ಲಿ ಮತ್ತೆ ನೀರು ತುಂಬಿ ತಲೆದೆಸೆಯ ಸ್ಟೂಲಿನ ಮೇಲಿಟ್ಟು, ಅವರ ಕೈ ಹಿಡಿದುಕೊಂಡು ಮಂಚದ ಪಕ್ಕ ಕೂತಳು. ಗಡಿಯಾರ ಟಿಕ್... ಟಿಕ್... ಎರಡು ಗಂಟೆ ಆಗಿರಬೇಕು. ಅಂಗಳದಲ್ಲಿ ಒಣಗಿದ ಎಲೆ ಚರಕ್ ಅಂತು. ಮತ್ತೆ ಏನೂ ಇಲ್ಲ...

"ಅಕ್ಕಾ..."

ಬಾಗಿಲ ಹೊರಗೇ. ಅದೇ ದನಿ.

ಮೇಘನ ಅತ್ತೆಯ ಬಾಯಿಗೆ ಕೈ ಅಡ್ಡ ಇಟ್ಟುಬಿಟ್ಟಳು. "ಬೇಡ ಅತ್ತೆ... ನಿಮ್ಮ ದಮ್ಮಯ್ಯ, ಓ ಅನ್ಬೇಡಿ. ನನ್ನ ಬಿಟ್ಟು ಹೋಗ್ಬೇಡಿ."

ಅತ್ತೆ ಆ ಕೈಯನ್ನು ಮೆಲ್ಲಗೆ ಸರಿಸಿದರು. "ಬಿಡು ಮಗಾ. ಪಾಪ, ಇನ್ನೊಂದು ಸಲ ಕರೆಯೋಕೆ ಆಗಲ್ಲ ಅವನಿಗೆ."

ಆಮೇಲೆ ದನಿ ಎತ್ತಿದರು. ಎರಡು ತಿಂಗಳಿಂದ ಪಿಸುಗುಟ್ಟುತ್ತಿದ್ದ ಹೆಂಗಸು, ಇಡೀ ವಾರ್ಡಿಗೆ ಕೇಳುವ ಹಾಗೆ...

"ಓ... ಬಂದೆ ತಮ್ಮಾ."

ಮೇಘನ ಕಣ್ಣು ಬಿಡಲಿಲ್ಲ. ಕಿವಿಗೆ ಮಾತ್ರ ಬಿತ್ತು. ಗುಟುಕ್... ಗುಟುಕ್... ಗುಟುಕ್... ಬಹಳ ಹೊತ್ತು ಬಾಯಾರಿದವರು ನೀರು ಕುಡಿಯುವ ಸದ್ದು. ಕೊನೆಗೊಂದು ಉದ್ದದ ಉಸಿರು. ಜೀರುಂಡೆ ಮತ್ತೆ ಶುರುವಾದವು. ಹಿಡಿದುಕೊಂಡಿದ್ದ ಕೈ ನಿಧಾನವಾಗಿ ತಣ್ಣಗಾಗುತ್ತಾ ಬಂತು. ಬೆಳಗಾಗುವ ತನಕ ಅವಳು ಆ ಕೈ ಬಿಡಲಿಲ್ಲ.

ನಾನು ಬೈಕ್ ತಗೊಂಡು ಹೊರಟಾಗ ಇನ್ನೂ ನಸುಕು. ಬಾವಿಯ ಹತ್ತಿರ ಹೆಡ್‌ಲೈಟಿಗೆ ಏನೋ ಹೊಳೆಯಿತು. ಕಟ್ಟೆಯ ಮೇಲೆ ಸ್ಟೀಲ್ ಲೋಟ. ಯಾರೋ ಮರೆತು ಹೋಗಿದ್ದಾರೆ ಅಂತ ಎತ್ತಿಕೊಂಡೆ. ತಳದಲ್ಲಿ ಒಂದು ಗುಟುಕು ನೀರು ಉಳಿದಿತ್ತು. ಮನೆಗೆ ಹೋಗಿ ಬಾಗಿಲು ತಟ್ಟಿದೆ, ಮೂರು ಸಲ, ಹೆಸರು ಹೇಳಿ. ಒಳಗಿನ ಚಿಲಕ ತೆಗೆದವಳು ಮೇಘನಳೇ. ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಲೋಟ ನೋಡಿದಳು.

"ಇದು ನಿಂಗೆಲ್ಲಿ ಸಿಕ್ತು?"

ಹೇಳಿದೆ. ಅವಳು ತಿರುಗಿ ಅತ್ತೆಯ ತಲೆದೆಸೆಯ ಖಾಲಿ ಸ್ಟೂಲು ತೋರಿಸಿದಳು.

ಆಲ್ಬಮ್ ಈಗ ನನ್ನ ಹತ್ತಿರ ಇದೆ. ನಾಲ್ಕು ಕಾರ್ನರ್ ಇವತ್ತಿಗೂ ಖಾಲಿ, ಅಲ್ಲಿ ಯಾವ ಫೋಟೊನೂ ಬಂದು ಕೂತಿಲ್ಲ. ಕಟ್ಟುಕತೆಯಾಗಿದ್ದರೆ ನಾನೇ ಒಂದು ಮೂಡಿಸುತ್ತಿದ್ದೆ. ಲೋಟವೂ ಸ್ಟುಡಿಯೊದಲ್ಲೇ ಇದೆ, ಬೇಕಾದರೆ ನಾಳೆ ಬಂದು ನೋಡಿ. ಅಂಗಡಿಯವನು ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರು ಅದರ ಅಂಚಿನ ಕೆಳಗಿದೆ: ನೀಲಾಂಬಿಕೆ.