ಹಕ್ಕಿಮಾಮಾನ ತಪ್ಪು-ಒಪ್ಪು

ಈ ಸಭೆಯ ಅಧ್ಯಕ್ಷರಾದ ಅತಾವುಲ್ಲಾ ಸಾಹೇಬರೇ, ಮುಂಡರಗಿಯಿಂದ ಬಂದಿರುವ ಮುಖ್ಯ ಅತಿಥಿಗಳೇ, ನಮ್ಮ ವಾಚನಾಲಯದ ಕಾರ್ಯದರ್ಶಿ ಹೊನ್ನೇಶ ಅವರೇ, ವೇದಿಕೆಯ ಮೇಲೆ ಖಾಲಿ ಇರುವ ಆ ಒಂದು ಖುರ್ಚಿಯೇ, ಆ ಖುರ್ಚಿಯಲ್ಲಿ ಕೂಡ್ರುವುದು ಬಿಟ್ಟು ಕೊನೆಯ ಸಾಲಿನಲ್ಲಿ, ಚಪ್ಪಲಿ ಬಿಡುವ ಜಾಗದ ಹತ್ತಿರ ಕೂತಿರುವ ಮುರ್ತುಜಾ ಸಾಹೇಬರೇ, ಮತ್ತು ಸಭಿಕರೇ,

ಖುರ್ಚಿಯನ್ನು ಹೆಸರಿಸಿ ಕರೆದದ್ದಕ್ಕೆ ಯಾರೂ ತಪ್ಪು ತಿಳಿಯಬಾರದು. ಇವತ್ತು ನಾನು ಮಾತಾಡುತ್ತಿರುವುದೇ ಆ ಖುರ್ಚಿಯ ಸಲುವಾಗಿ. ವಾಚನಾಲಯದ ವಾರ್ಷಿಕೋತ್ಸವದಲ್ಲಿ ಮುರ್ತುಜಾ ಸಾಹೇಬರಿಗೆ ಸನ್ಮಾನ ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿದೆ. ಶಾಲು ಬಂದಿದೆ, ಹಾರ ಬಂದಿದೆ. ಆದರೆ ಸಾಹೇಬರು, ಸುಳ್ಳು ಹೇಳಿದವನಿಗೆ ಶಾಲು ಯಾಕೆ ಎಂದು ಹೇಳಿ ಕಳಿಸಿದರು. ಹೊನ್ನೇಶ ಅವರು ಮನೆಗೆ ಹೋಗಿ ಬಹಳ ಹೇಳಿದ ಮೇಲೆ ಒಂದು ಶರತ್ತು ಹಾಕಿದರು. "ಪದ್ಮಜಾಬಾಯಾರು ಆ ಹೊಸಾ ಸಿನಿಮಾ ನೋಡಲಿ. ನೋಡಿ, ನಾ ಹೇಳಿದ್ದು ತಪ್ಪೋ ಒಪ್ಪೋ ಅಂತ ಮಂದಿ ಮುಂದ ಹೇಳಲಿ. ಅವ್ರು ಮುಲಾಜಿಗೆ ಮಾತಾಡಾಂಗಿಲ್ಲ. ಆಮ್ಯಾಲ ನೋಡೂಣು." ಹೀಗಾಗಿ ನಾನು ಇಲ್ಲಿ ನಿಂತಿದ್ದೇನೆ.

ನಾನು ಸಿನಿಮಾದ ವಿಮರ್ಶಕಿಯಲ್ಲ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳ ಸಬ್ ರಜಿಸ್ಟ್ರಾರ್ ಕಚೇರಿಗಳಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಅಲ್ಲಿ ಕಾಕಾನನ್ನು ಮಾಮಾ ಎಂದು ಬರೆದರೆ ಖರೀದಿಪತ್ರವೇ ವಾಪಸು ಬರುತ್ತದೆ. ಉಳಿದ ವೇಳೆಯಲ್ಲಿ ಕಾದಂಬರಿ ಓದುತ್ತೇನೆ; ಬೇರೆ ಭಾಷೆಗಳಿಂದ ಕನ್ನಡಕ್ಕೆ ಬಂದವುಗಳನ್ನೇ ಹೆಚ್ಚಾಗಿ. ದೂರದ ದೇಶದ ಕತೆಯಲ್ಲಿ ಯಾರಾದರೂ ಯಾರನ್ನಾದರೂ 'ಅಂಕಲ್' ಎಂದು ಕರೆದರೆ ನಾನು ಅಲ್ಲಿಯೇ ನಿಲ್ಲುತ್ತೇನೆ. ಇವನು ಕಾಕಾನೋ, ದೊಡ್ಡಪ್ಪನೋ, ಮಾಮಾನೋ? ಇಂಗ್ಲಿಷಿಗೆ ಅದು ಬೇಕಾಗಿಲ್ಲ. ನಮಗೆ ಬೇಕಲ್ಲವೇ? ಅನುವಾದಕ ಏನನ್ನಾದರೂ ಆರಿಸಲೇಬೇಕು. ಆರಿಸಿದ ಮೇಲೆ ಅದರ ಜೊತೆ ಬಾಳಲೇಬೇಕು.

ಇಲ್ಲಿರುವ ಮಕ್ಕಳಿಗಾಗಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ನಾನು ಸಣ್ಣವಳಿದ್ದಾಗ ಬೆಟಗೇರಿಯ ಟಾಕೀಸಿನಲ್ಲಿ ರವಿವಾರ ಮುಂಜಾನೆ ಇಂಗ್ಲಿಷ್ ಸಿನಿಮಾ ಹಾಕುತ್ತಿದ್ದರು. ಭಾಷೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದ್ದರಿಂದ ಪರದೆಯ ಪಕ್ಕದಲ್ಲಿ ಮೈಕು ಹಿಡಿದು ಒಬ್ಬ ಹುಡುಗ ನಿಲ್ಲುತ್ತಿದ್ದ. ತಂದೆಯದು ನೇಕಾರರಿಗೆ ನೂಲಿನ ಬಣ್ಣ ಮಾರುವ ಅಂಗಡಿ. ಧಾರವಾಡದಲ್ಲಿ ಎರಡು ವರ್ಷ ಕಾಲೇಜು ಓದಿ ಬಂದಿದ್ದ. ಬೆರಳ ತುದಿಗಳಿಗೆ ಯಾವಾಗಲೂ ಬಣ್ಣ. ಅವನು ಶುಕ್ರವಾರವೇ ಸಿನಿಮಾ ನೋಡಿ, ರವಿವಾರ ನಮಗೆ ಕನ್ನಡದಲ್ಲಿ ಹೇಳುತ್ತಿದ್ದ. ಆ ಹುಡುಗನೇ ಈಗ ಚಪ್ಪಲಿಗಳ ಹತ್ತಿರ ಕೂತಿರುವ ನಮ್ಮ ಮುರ್ತುಜಾ ಸಾಹೇಬರು.

ಒಂದು ರವಿವಾರ, ಬೆಂಕಿ ಉಗುಳುತ್ತ ಆಕಾಶದಲ್ಲಿ ಹಡಗು ಹಾರುವ ಸಿನಿಮಾ ಬಂತು. ಅದರ ಇಂಗ್ಲಿಷ್ ಹೆಸರು ನಮ್ಮ ನಾಲಿಗೆಗೆ ಒಗ್ಗಲಿಲ್ಲ. ಸಾಹೇಬರು ಅದಕ್ಕೆ 'ಕಬ್ಬಿಣ ಹಕ್ಕಿ' ಎಂದು ಹೆಸರಿಟ್ಟರು. ಅಪ್ಪ ಇಲ್ಲದ ನೋರಾ ಎಂಬ ಹುಡುಗಿ. ಅವಳ ಊರನ್ನು ಬೇರೆ ಗ್ರಹದವರು ಸುಡುತ್ತಿದ್ದಾರೆ. ಆಗ ಒಬ್ಬ ತನ್ನ ಹಡಗನ್ನು ಇಳಿಸಿ ಅವಳನ್ನು ಎತ್ತಿಕೊಂಡು ಹೋಗುತ್ತಾನೆ. ಹಡಗು ನಡುದಾರಿಯಲ್ಲಿ ಕೆಟ್ಟಾಗ ಸಾಹೇಬರು ಹೇಳಿದ್ದು ಇನ್ನೂ ನೆನಪಿದೆ: "ಹಕ್ಕಿ ಕೆಟ್ಟ ನಿಂತೈತ್ರಿ. ಈ ಸಾಮಾನು ಹುಬ್ಬಳ್ಳಿಗೆ ಹೇಳಿ ಕಳಿಸಿದ್ರೂ ಸಿಗಾಂಗಿಲ್ಲ." ಹಡಗಿನವನನ್ನು ಹುಡುಗಿ 'ಅಂಕಲ್' ಎಂದಳು. ಸಾಹೇಬರು ಮೈಕಿನಲ್ಲಿ ಹೇಳಿದರು: "ಈತ ಆಕಿ ಸೋದರಮಾವ. ಖಬರ ಮುಟ್ಟಿದ್ದಽ ತಡ, ಬಂದುಬಿಟ್ಟ."

ಅಂದಿನಿಂದ ಅವನು ಗದಗ-ಬೆಟಗೇರಿಗೆಲ್ಲ ಹಕ್ಕಿಮಾಮಾ. ಕುರ್ತಕೋಟಿಯ ಒಂದು ಟಂಟಂ ಗಾಡಿಯ ಹಿಂದೆ ಆ ಹೆಸರು ಇವತ್ತಿಗೂ ಇದೆ. ಆ ಸಿನಿಮಾದ ಎರಡನೆಯ ಭಾಗ ಬಂತು, ಮೂರನೆಯದು, ನಾಲ್ಕನೆಯದು ಬಂತು. ಇಂಗ್ಲಿಷಿನವರು ಅಂಕಲ್ ಎನ್ನುತ್ತಲೇ ಇದ್ದರು, ನಾವು ಮಾಮಾ ಎನ್ನುತ್ತಲೇ ಇದ್ದೆವು. ಯಾರಿಗೂ ಏನೂ ತೊಂದರೆಯಾಗಲಿಲ್ಲ.

ನಾನು ಆ ಮೊದಲ ಸಿನಿಮಾಕ್ಕೆ ಹೋದದ್ದೇ ಆಕಸ್ಮಿಕ. ನಮ್ಮ ತಂದೆ ನನ್ನ ಸಣ್ಣಂದಿನಲ್ಲೇ ತೀರಿಕೊಂಡಿದ್ದರು. ನಾನು, ನನ್ನ ತಾಯಿ ಭಾಗೀರಥಿಬಾಯಿ, ಇಬ್ಬರೂ ತಂದೆಯ ತಮ್ಮ ವಾಸುದೇವ ಕಾಕಾನ ಮನೆಯಲ್ಲಿ ಇದ್ದೆವು. ಕಾಕಾ ದಿನಾ ಬಸ್ಸಿನಲ್ಲಿ ಮುಳಗುಂದಕ್ಕೆ ಹೋಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಮಾತು ಕಡಿಮೆ. ಲಕ್ಷ್ಮೇಶ್ವರದ ಮುಕುಂದ ಮಾಮಾ, ಅಂದರೆ ನನ್ನ ತಾಯಿಯ ಅಣ್ಣ, ದೀಪಾವಳಿ ಸೂಟಿಗೆ ಕರೆದುಕೊಂಡು ಹೋಗಲು ಬರುತ್ತೇನೆ ಎಂದಿದ್ದರು. ನಾನು ಹೊಸ ಲಂಗ ಉಟ್ಟು, ಚೀಲ ತೊಡೆಯ ಮೇಲೆ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದೆ. ಲಕ್ಷ್ಮೇಶ್ವರದ ಬಸ್ಸು ಬಂತು, ಹೋಯಿತು. ಮತ್ತೊಂದು ಬಂತು. ಮುಕುಂದ ಮಾಮಾ ಒಳ್ಳೆಯವರೇ. ಕೆಲಸ ಬಹಳ ಇದ್ದವರು. ಕಾಕಾ ಹೊರಗೆ ಬಂದು ನನ್ನನ್ನು ನೋಡಿದರು. "ಚೀಲಾ ಒಳಗ ಇಡು. ನಡಿ, ಸಿನಿಮಾಕ್ಕ ಹೋಗೂಣು" ಎಂದರು. ಅವರು ಅದಕ್ಕೂ ಮೊದಲು ಟಾಕೀಸಿನ ಬಾಗಿಲು ಕಂಡವರಲ್ಲ.

ಆಮೇಲೆ ಪರದೆಯ ಮೇಲೆ ಹಕ್ಕಿ ಇಳಿಯಿತು. "ಈತ ಆಕಿ ಸೋದರಮಾವ" ಎಂದು ಮೈಕು ಹೇಳಿತು. ಸಭಿಕರೇ, ಆ ಹೊತ್ತಿನಲ್ಲಿ ಆ ಮಾತು ನನಗೆ ಏನಾಗಿ ಕೇಳಿಸಿರಬಹುದು ಎಂದು ನಾನು ವಿವರಿಸುವ ಅಗತ್ಯವಿಲ್ಲ.

ಮನೆಗೆ ಬರುವಾಗ ದಾರಿಯಲ್ಲಿ ಕಾಕಾ ಕೇಳಿದರು: "ಪದ್ದಿ, ಅಂವಾ ಆಕಿ ಮಾಮಾನಽ ಯಾಕಿರಬೇಕು? ಕಾಕಾ ಇರಬಾರದೇನು?"

ನಾನು ಹೇಳಿದೆ: "ಕಾಕಾಗೋಳು ಮನ್ಯಾಗಽ ಇರತಾರಲ್ಲ. ಬರಾವ್ರು ಅಂದ್ರ ಮಾಮಾಗೋಳು."

"ಅದೂ ಖರೆ" ಎಂದರು ಕಾಕಾ. ಅಂಗಡಿಯ ಮುಂದೆ ನಿಂತು ನನಗೆ ಬಿಸಿ ಮಿರ್ಚಿ ಕೊಡಿಸಿದರು. ತಾವು ತಿನ್ನಲಿಲ್ಲ.

ಇರಲಿ. ಇದು ವಿಷಯಾಂತರವಾಯಿತು. ನನಗೆ ವಹಿಸಿದ್ದು ಹೊಸ ಸಿನಿಮಾದ ತೀರ್ಪು.

ಐದನೆಯ 'ಕಬ್ಬಿಣ ಹಕ್ಕಿ' ಕಳೆದ ತಿಂಗಳು ಗದಗಿಗೆ ಕನ್ನಡದಲ್ಲಿಯೇ ಮಾತಾಡುತ್ತ ಬಂತು. ಮೊದಲ ದಿನ ಸಾಹೇಬರು ಮೊಮ್ಮಗಳು ಕೈನಾತಳನ್ನು ಕರೆದುಕೊಂಡು ಹೋಗಿದ್ದರು. ಪರದೆಯ ಮೇಲೆ ಹಡಗಿನವನು ನೋರಾಳಿಗೆ ಹೇಳಿದ: "ನಾನು ನಿನ್ನ ಚಿಕ್ಕಪ್ಪ. ನಿನ್ನ ಅಪ್ಪನ ತಮ್ಮ." ಹಿಂದಿನಿಂದ ಯಾರೋ ಒಬ್ಬ ಹುಡುಗ, "ಮುರ್ತುಜಾ ಅಜ್ಜಾರ, ಮಾಮಾನ್ನ ಎಲ್ಲಿ ಬಿಟ್ಟ ಬಂದ್ರಿ?" ಎಂದನಂತೆ. ಇಡೀ ಟಾಕೀಸು ನಕ್ಕಿತಂತೆ. ಸಾಹೇಬರು ಎದ್ದು ಹೊರಗೆ ಹೋದರು. ಕೈನಾತ ಅರ್ಧ ಸಿನಿಮಾ ಬಿಟ್ಟು ಅಜ್ಜನ ಹಿಂದೆ ಓಡಬೇಕಾಯಿತು. ಮಾರನೆಯ ದಿನವೇ ಸನ್ಮಾನ ಬೇಡ ಎಂಬ ಮಾತು ಬಂದದ್ದು.

ನಾನು ಸಿನಿಮಾವನ್ನು ಎರಡು ಸಲ ನೋಡಿದೆ. ಮೊದಲ ಸಲ ಕಿವಿಯಲ್ಲಿ ಹತ್ತಿ ಇರಲಿಲ್ಲ. ಎರಡನೆಯ ಸಲ ಇತ್ತು.

ಈಗ ತೀರ್ಪು. ಸಿನಿಮಾ ಬೇಕಾದುದಕ್ಕಿಂತ ಬಹಳ ಉದ್ದವಾಗಿದೆ. ಮೊದಲ ಚಿತ್ರದಲ್ಲಿ ಇದ್ದದ್ದು ಒಂದೇ ಹಡಗು. ಅದು ಕೆಟ್ಟರೆ ನಮಗೆ ಚಿಂತೆಯಾಗುತ್ತಿತ್ತು. ಇದರಲ್ಲಿ ಸಾವಿರಾರು ಹಡಗುಗಳಿವೆ. ಒಂದೊಂದು ಸ್ಫೋಟಕ್ಕೆ ನೂರು ಸುಟ್ಟುಹೋದರೂ ನಾನು ಆಕಳಿಸಿದೆ. ಇಡೀ ಗ್ರಹವೊಂದು ಸಿಡಿದು ಚೂರಾಗುತ್ತದೆ, ಆ ಗ್ರಹದಲ್ಲಿ ಯಾರ ಮನೆ ಇತ್ತು ಎಂದು ನಮಗೆ ತೋರಿಸಿಲ್ಲ. ಮನೆ ತೋರಿಸದೆ ಊರು ಸುಟ್ಟರೆ ಅಳು ಹೇಗೆ ಬರಬೇಕು? ಕನ್ನಡದ ಮಾತುಗಳು ಶುದ್ಧವಾಗಿವೆ, ಆದರೆ ಎಲ್ಲರೂ ಒಂದೇ ಶಾಲೆಯಲ್ಲಿ ಕಲಿತವರ ಹಾಗೆ ಮಾತಾಡುತ್ತಾರೆ, ವೈರಿಗಳೂ ಸಹ.

ಹಾಗಾದರೆ ಚಿತ್ರದಲ್ಲಿ ಏನೂ ಇಲ್ಲವೇ? ಇದೆ. ಮೊದಲ ಚಿತ್ರದಲ್ಲಿ ಕಪ್ಪು ಮೀಸೆ ಇದ್ದ ಅದೇ ನಟ ಈಗ ಮುದುಕನಾಗಿದ್ದಾನೆ, ಏಳುವಾಗ ಮೊಣಕಾಲು ಹಿಡಿದುಕೊಳ್ಳುತ್ತಾನೆ. ಯುದ್ಧವೆಲ್ಲ ಮುಗಿದ ಮೇಲೆ, ತಲೆ ನರೆತ ನೋರಾ ಅವನನ್ನು ಕೇಳುತ್ತಾಳೆ: ಅವತ್ತು ನೀನು ಅಷ್ಟು ಬೇಗ ಎಲ್ಲಿಂದ ಬಂದೆ? ಅವನು ಹೇಳುತ್ತಾನೆ: "ನಾನು ಎಲ್ಲಿಂದಲೂ ಬರಲಿಲ್ಲ. ಅಲ್ಲಿಯೇ ಇದ್ದೆ." ಆಗ ತಿಳಿಯುತ್ತದೆ. ಅಣ್ಣ ಸತ್ತ ದಿನದಿಂದ ಅವನು ತನ್ನ ಹಡಗನ್ನು ಆ ಮನೆಯ ಹಿಂದಿನ ಗುಡ್ಡದಲ್ಲಿಯೇ ನಿಲ್ಲಿಸಿಕೊಂಡು ಕಾಯುತ್ತಿದ್ದ. ಹುಡುಗಿಗೆ ಅದು ಕಂಡಿರಲೇ ಇಲ್ಲ.

ಈ ಒಂದು ಮಾತಿಗಾಗಿ ನಾನು ಉಳಿದ ಗದ್ದಲವನ್ನೆಲ್ಲ ಮಾಫಿ ಮಾಡುತ್ತೇನೆ. ಇದು ಚಿತ್ರದ ಗುಣವೋ, ನನ್ನ ಸ್ವಂತ ಕಾರಣವೋ, ಬಿಡಿಸಿ ಹೇಳಲಾರೆ. ನನಗೆ ಮುಂಡರಗಿಗೆ ವರ್ಗವಾದಾಗ ಮೊದಲ ಬಸ್ಸಿಗೆ ನನ್ನ ಹಾಸಿಗೆ ಸುರುಳಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದವರು ಕಾಕಾ. ಬಸ್ಸು ಡಂಬಳದಲ್ಲಿ ನಿಂತಾಗ ಇಳಿದು ಚಹಾ ತಂದುಕೊಟ್ಟರು. ನಾನು ಕಾದಂಬರಿ ಓದುತ್ತಿದ್ದೆ; ತಲೆ ಎತ್ತದೆ ಲೋಟ ತೆಗೆದುಕೊಂಡೆ. ಆ ಕಾದಂಬರಿಯೂ ಇದೇ ವಾಚನಾಲಯದ್ದು. ಕಾಕಾನ ಸದಸ್ಯತ್ವದ ಮೇಲೆ ತಂದದ್ದು.

ಕ್ಷಮಿಸಿ, ಮತ್ತೆ ದಾರಿ ತಪ್ಪಿದೆ.

ಮುರ್ತುಜಾ ಸಾಹೇಬರು ತಪ್ಪು ಹೇಳಿದರೋ ಇಲ್ಲವೋ? ಮೊದಲು ನಾನು ಡಬ್ಬಿಂಗಿನವರ ಮೇಲೆ ಸಂಶಯಪಟ್ಟೆ. ಅವರೂ ಅಂಕಲ್ ಎಂಬ ಒಂದೇ ಶಬ್ದದಿಂದ ಚಿಕ್ಕಪ್ಪನನ್ನು ಆರಿಸಿಕೊಂಡಿರಬಹುದಲ್ಲ? ಆದರೆ ಚಿತ್ರದಲ್ಲಿ ಒಂದು ಹಳೆಯ ಮನೆ ಬರುತ್ತದೆ. ಇಬ್ಬರು ಹುಡುಗರು ಒಂದೇ ತಾಯಿಯ ಕೈಯಿಂದ ಉಣ್ಣುತ್ತಾರೆ. ಒಬ್ಬ ನೋರಾಳ ಅಪ್ಪ, ಇನ್ನೊಬ್ಬ ಇವನು. ಅಲ್ಲಿ ಮಾತೇ ಇಲ್ಲ. ಅನುವಾದದ ಪ್ರಶ್ನೆಯೇ ಇಲ್ಲ. ಅವನು ಕಾಕಾ. ಐವತ್ತು ವರ್ಷ ನಾವು ಅವನನ್ನು ಮಾಮಾ ಎಂದದ್ದು ತಪ್ಪು. ಸಣ್ಣ ತಪ್ಪೂ ಅಲ್ಲ. ಮಾಮಾ ಆದರೆ ಅವನು ಬಂದವನು. ಕಾಕಾ ಆದರೆ ಇದ್ದವನು. ಕತೆಯೇ ಬೇರೆಯಾಗುತ್ತದೆ. ಸಾಹೇಬರೇ, ನಾನು ಮುಲಾಜಿಗೆ ಮಾತಾಡುವವಳಲ್ಲ ಎಂದು ನೀವೇ ಹೇಳಿದ್ದೀರಿ. ತಪ್ಪು ಆಗಿದೆ.

ಆದರೆ ತಪ್ಪು ಯಾಕಾಯಿತು? ಕೇಳಲೆಂದು ಕಳೆದ ವಾರ ಸಾಹೇಬರ ಮನೆಗೆ ಹೋಗಿದ್ದೆ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಒಪ್ಪಿಸುತ್ತೇನೆ: "ಅಂಕಲ್ ಅಂದ್ರ ಏನ ಅನ್ನೂದು ಅಂತ ಶುಕ್ರವಾರದಿಂದ ರವಿವಾರತನಾ ತಲಿ ಕೆಡಿಸ್ಕೊಂಡಿದ್ನಿರಿ. ಅಪ್ಪ ಇಲ್ಲದ ಹುಡುಗಿ ಮನಿಗೆ ಕಾಕಾ ಬಂದಾ ಅಂದಿದ್ರ, ನಮ್ಮ ಮಂದಿ ಆಸ್ತಿ ಬರಸ್ಕೊಳ್ಳಾಕ ಬಂದಾನ ಅಂತಿದ್ರು. ಮೊದಲನೇ ರೀಲಿಗೇ ಅಂವನ್ನ ಖಳನಾಯಕ ಮಾಡತಿದ್ರು. ಅದಕ್ಕ ಮಾಮಾ ಅಂದೆ."

ಒಳಗಿನಿಂದ ಅವರ ಪತ್ನಿ ಜೈಬುನ್ನೀಸಾ ಬೇಗಮ್ಮರು ಚಹಾ ತರುತ್ತ, "ಸುಳ್ಳರಿ. ಸಣ್ಣವರಿದ್ದಾಗ ಇವರಿಗೆ ಇವರ ಮಾಮಾ ಒಂದು ಸೈಕಲ್ ಕೊಡಿಸಿದ್ರು. ಅವತ್ತಿನಿಂದ ಇವರ ಪಾಲಿಗೆ ಜಗತ್ತಿನ್ಯಾಗ ಛಲೋ ಮನಷ್ಯಾ ಅಂದ್ರ ಮಾಮಾನಽ" ಎಂದರು. ಸಾಹೇಬರು ನಗುತ್ತ ಚಹಾದ ಲೋಟವನ್ನು ನನ್ನ ಕಡೆ ಸರಿಸಿದರು.

ಸಭಿಕರೇ, ಹಳೆಯ ಪುಸ್ತಕಗಳ ಕೊನೆಯಲ್ಲಿ ತಪ್ಪು-ಒಪ್ಪು ಎಂದು ಒಂದು ಪುಟ ಇರುತ್ತಿತ್ತು. ಇಂಥ ಕಡೆ ಇಂಥ ಶಬ್ದ ತಪ್ಪಾಗಿದೆ, ಹೀಗೆ ಓದಿಕೊಳ್ಳಬೇಕು ಎಂದು. ಆ ಪುಟ ಇದೆ ಎಂದು ಯಾರಾದರೂ ಪುಸ್ತಕವನ್ನು ಎಸೆದದ್ದುಂಟೇ? ಜನ ಓದುವ ಪುಸ್ತಕಕ್ಕೇ ಆ ಪುಟ ಬೇಕಾಗುವುದು. ಅವತ್ತು ಟಾಕೀಸು ನಕ್ಕಿತು ಎಂದರೆ, ಅಲ್ಲಿದ್ದವರೆಲ್ಲ ಮುರ್ತುಜಾ ಸಾಹೇಬರ ಕತೆಯನ್ನು ಐವತ್ತು ವರ್ಷ ಇಟ್ಟುಕೊಂಡಿದ್ದರು ಎಂದು ಅರ್ಥ. ಮರೆತವರು ನಗಲಾರರು.

ಆದ್ದರಿಂದ ನನ್ನ ತೀರ್ಪು ಇದು. 'ಕಬ್ಬಿಣ ಹಕ್ಕಿ'ಯ ಗದಗ-ಬೆಟಗೇರಿಯ ಕನ್ನಡ ಪಾಠದಲ್ಲಿ, ಮಾಮಾ ಎಂದಿರುವಲ್ಲೆಲ್ಲ ಕಾಕಾ ಎಂದು ಓದಿಕೊಳ್ಳಬೇಕು.

ನಾನು ಓದಿಕೊಂಡೆ. ನನ್ನ ಪ್ರತಿಯಲ್ಲಿ ತಿದ್ದುವುದು ಬಹಳ ಇತ್ತು. ವಾಸುದೇವ ಕಾಕಾ ಇದ್ದಿದ್ದರೆ ತೋರಿಸುತ್ತಿದ್ದೆ.

ಆದರೆ ಒಂದು ಜಾಗವನ್ನು ನಾನು ತಿದ್ದುವುದಿಲ್ಲ. ಚೀಲ ಹಿಡಿದು ಕಾದ ಆ ರವಿವಾರ, ಲಕ್ಷ್ಮೇಶ್ವರದ ಬಸ್ಸಿನಿಂದ ಯಾರೂ ಇಳಿಯಲಿಲ್ಲ. ಪರದೆಯ ಪಕ್ಕದಲ್ಲಿ, ಬಣ್ಣ ಹತ್ತಿದ ಕೈಯಲ್ಲಿ ಮೈಕು ಹಿಡಿದು ನಿಂತವನೊಬ್ಬ ನನಗೆ ಮಾಮಾನನ್ನು ತಂದುಕೊಟ್ಟ.

ಮುರ್ತುಜಾ ಮಾಮಾ, ಅಲ್ಲಿ ಚಪ್ಪಲಿ ಕಾಯಾಕ ನಿಮ್ಮನ್ನ ಯಾರೂ ಕರದಿಲ್ಲ. ಮ್ಯಾಲ ಬರ್ರಿ. ಖುರ್ಚಿ ಖಾಲಿ ಐತಿ. ನಾ ನಿಮಗ ಮಾಮಾ ಅಂದದ್ದು ತಪ್ಪಂತ ಯಾವ ಸಿನಿಮಾ ಬಂದು ಹೇಳಿದ್ರೂ ಕೇಳಾಂಗಿಲ್ಲ.

ಇಷ್ಟು ಹೊತ್ತು ನನ್ನ ವಿಷಯಾಂತರಗಳನ್ನು ಸಹಿಸಿಕೊಂಡ ಅಧ್ಯಕ್ಷರಿಗೂ, ಮಾತು ಒಪ್ಪಿಸಿದ ಹೊನ್ನೇಶ ಅವರಿಗೂ, ಈಗ ಹಿಂದಕ್ಕೆ ತಿರುಗಿ ಅವರಿಗೆ ದಾರಿ ಬಿಡುತ್ತಿರುವ ನಿಮಗೆಲ್ಲರಿಗೂ ಉಪಕಾರ ಸ್ಮರಿಸಿ ನಿಲ್ಲಿಸುತ್ತೇನೆ. ನಮಸ್ಕಾರ.